ಬಲಗಡೆಯ ಎಸಳು

ನಮ್ಮ ಮನೆಯ ಬಸವಣ್ಣ ವರ್ಷಕ್ಕೆ ಒಂದೇ ಸಲ ಬಾಯಿ ಬಿಡುತ್ತಾನೆ, ಅದೂ ಮಕ್ಕಳ ಬೇಸಿಗೆ ಶಿಬಿರದ ವಿಷಯಕ್ಕೆ ಮಾತ್ರ. ಹೊಲ ಕೊಳ್ಳಬೇಕೋ ಬೇಡವೋ, ಸೊಸೆ ಯಾವ ಊರಿನವಳಾಗಬೇಕು, ಎಮ್ಮೆ ಮಾರಬೇಕೋ ಇಟ್ಟುಕೊಳ್ಳಬೇಕೋ, ಇವನ್ನೆಲ್ಲ ನಾವೇ ಕೂತು, ಜಗಳಾಡಿ, ನಡುವೆ ಎರಡು ಸಲ ಚಹಾ ಕುಡಿದು ತೀರ್ಮಾನ ಮಾಡುತ್ತೇವೆ. ಮಗುವನ್ನು ಮಠದ ಶಿಬಿರಕ್ಕೆ ಕಳಿಸುವ ಮಾತು ಬಂದಾಗ ಮಾತ್ರ ದೊಡ್ಡವರ ಬಾಯಿ ಬಂದ್. ಆಗ ಹೇಳುವವನು ಅವನು, ಕೇಳುವವರು ನಾವು.

ಇದನ್ನು ಶುರು ಮಾಡಿದವನು ನಮ್ಮಜ್ಜ ಮಡಿವಾಳೆಪ್ಪ. ಮುನವಳ್ಳಿಯ ಆಚೆ, ಮಲಪ್ರಭೆಯ ಹಿನ್ನೀರಿನ ದಂಡೆಗೆ ಒಂದು ಸಣ್ಣ ಮಠವಿದೆ. ಅಲ್ಲಿ ಬೇಸಿಗೆಯಲ್ಲಿ ಇಪ್ಪತ್ತೊಂದು ದಿನ ಮಕ್ಕಳನ್ನು ಇಟ್ಟುಕೊಂಡು ವಚನ ಬಾಯಿಪಾಠ ಮಾಡಿಸುತ್ತಾರೆ, ಮಲ್ಲಕಂಬ ಹತ್ತಿಸುತ್ತಾರೆ, ತಮ್ಮ ತಾಟು ತಾವೇ ತೊಳೆಯುವುದನ್ನು ಕಲಿಸುತ್ತಾರೆ. ಅಜ್ಜನ ಕಾಲದಲ್ಲಿ ಅದಕ್ಕೆ ಶಿಬಿರ ಎಂಬ ಹೆಸರಿರಲಿಲ್ಲ, ‘ಮಠಕ್ಕ ಬಿಡೋದು’ ಅನ್ನುತ್ತಿದ್ದರು. ಈಗ ಬ್ಯಾನರು ಬಂದಿದೆ, ಹಳದಿ ಟೀ ಶರ್ಟು ಬಂದಿದೆ, ವಾಟ್ಸಾಪ್ ಗ್ರೂಪೂ ಬಂದಿದೆ. ಆದರೆ ಎರಡು ನಿಯಮ ಬದಲಾಗಿಲ್ಲ. ಐದನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮಾತ್ರ ಮಗುವನ್ನು ಸೇರಿಸಿಕೊಳ್ಳುತ್ತಾರೆ, ಆ ಬೇಸಿಗೆ ಹೋದರೆ ಹೋಯಿತು. ಎರಡನೆಯದು, ಒಂದು ಒಲೆಗೆ ಒಂದೇ ಮಗು. ಊರೂರಿನಿಂದ ಮಕ್ಕಳು ಬರುತ್ತವೆ, ಮಠದಲ್ಲಿ ಮಲಗಲು ಇರುವುದು ಒಂದೇ ಪಡಸಾಲೆ.

ಯುಗಾದಿಯ ಮುಂದಿನ ಸೋಮವಾರ ನಮ್ಮ ಮನೆಯಲ್ಲಿ ಅಪ್ಪಣೆ ಕೇಳುತ್ತೇವೆ. ದೇವರ ಜಗಲಿಯ ಮೇಲೆ ಗೇಣುದ್ದದ ಕಲ್ಲಿನ ಬಸವಣ್ಣ ಇದ್ದಾನೆ. ಅವನ ಹೆಗಲಿಗೆ ಕಣಗಿಲ ಹೂವಿನ ಒಂದು ಎಸಳನ್ನು ನೀರಲ್ಲಿ ಅದ್ದಿ ಹಚ್ಚುವುದು, ಹೋಗಬೇಕಾದ ಮಗು ಎದುರಿಗೆ ಕೂಡುವುದು. ಎಸಳು ಬಿದ್ದರೆ ಅಪ್ಪಣೆ ಆಯಿತು. ಒದ್ದೆ ಎಸಳು ಒಣಗಿದ ಮೇಲೆ ಬೀಳದೆ ಎಲ್ಲಿಗೆ ಹೋಗುತ್ತದೆ ಹೇಳಿ? ಆದರೂ ಬೀಳುವ ತನಕ ಮನೆಮಂದಿಯೆಲ್ಲ ಉಸಿರು ಹಿಡಿದು ಕೂಡುತ್ತಿದ್ದೆವು, ಬಿದ್ದ ಮೇಲೆ ಬೆಲ್ಲ ಹಂಚುತ್ತಿದ್ದೆವು. ನನಗೆ ಬಿತ್ತು, ನನ್ನ ತಮ್ಮ ಗೌರೀಶನಿಗೆ ಬಿತ್ತು, ನಮ್ಮ ಕಾಕಂದಿರ ಮಕ್ಕಳಿಗೆಲ್ಲ ಬಿತ್ತು. ನಮ್ಮ ಮನೆಯ ಯಾವ ಮಗುವಿಗೂ ಬಸವಣ್ಣ ಬೇಡ ಅಂದದ್ದಿಲ್ಲ. ಈ ವರ್ಷದ ತನಕ.

ಈ ವರ್ಷ ಒಂದು ಒಲೆಗೆ ಎರಡು ಮಕ್ಕಳಾದರು. ನನ್ನ ಮಗ ಅಪ್ಪು, ಗೌರೀಶನ ಮಗಳು ಮೀನಾ. ಮೀನಾ ಎರಡು ತಿಂಗಳಿಗೆ ದೊಡ್ಡವಳು, ಇಬ್ಬರೂ ಒಂದೇ ತರಗತಿ. ಗೌರೀಶ ರಾಮದುರ್ಗ ಡಿಪೋದಲ್ಲಿ ಬಸ್ಸು ಓಡಿಸುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಅವನ ಹೆಂಡತಿ ಮಧು, ಮೀನಾ ನಮ್ಮ ಜೊತೆಗೇ ಬೈಲಹೊಂಗಲದಲ್ಲಿದ್ದಾರೆ. ನನ್ನದು ಪೇಟೆಯಲ್ಲಿ ದನದ ಹಿಂಡಿಯ ಅಂಗಡಿ. ಸುಭಾಸನ ತಕ್ಕಡಿಗೆ ಸಾಕ್ಷಿ ಬೇಕಿಲ್ಲ ಎಂದು ಸುತ್ತಿನ ರೈತರು ಹೇಳುತ್ತಾರೆ. ನಾನು ಅದನ್ನು ಕೇಳಿ ಮೀಸೆಯಲ್ಲಿ ನಗುತ್ತಿದ್ದೆ.

ಮೀನಾಳಿಗೆ ಮಲ್ಲಕಂಬದ ಹುಚ್ಚು. ಮಠದಲ್ಲಿ ಹುಡುಗರಿಗೆ ಕಂಬ, ಹುಡುಗಿಯರಿಗೆ ಹಗ್ಗ. ಎರಡು ವರ್ಷದ ಹಿಂದೆ ಯಾರದೋ ಮೊಬೈಲಿನಲ್ಲಿ ಹಗ್ಗದ ಮೇಲೆ ಹುಡುಗಿಯೊಬ್ಬಳು ತಲೆಕೆಳಗಾಗಿ ಮಲಗಿದ್ದನ್ನು ನೋಡಿದಳು, ಮರುದಿನವೇ ನಮ್ಮ ಅಂಗಡಿಯ ಹಗ್ಗ ಒಂದು ಮಾಯವಾಯಿತು. ಹುಡುಕಿದರೆ ಹಿತ್ತಲಿನ ಬೇವಿನ ಮರಕ್ಕೆ ಜೋತುಬಿದ್ದಿತ್ತು, ಅದರ ತುದಿಗೆ ಈ ಹುಡುಗಿ. ಅಂದಿನಿಂದ ದಿನಾ ಸಂಜೆ ಅದೇ ಕೆಲಸ. ಬಿದ್ದಳು, ಮೊಣಕಾಲು ಕೆತ್ತಿಕೊಂಡಳು, ಅಂಗೈಗೆ ಜಡ್ಡು ಬಂತು. “ಮಠದಾಗ ಸರ್ ಇರತಾರ, ಅವರು ಖರೇ ಖರೇ ಕಲಸತಾರ” ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಅಪ್ಪು ಅದಕ್ಕೆ ಪೂರ್ತಿ ಉಲ್ಟಾ. ಮಂಚದಿಂದ ಇಳಿಯುವಾಗಲೂ ಕೆಳಗೆ ನೋಡಿ ಇಳಿಯುವವನು. ಎಮ್ಮೆಗೆ ಅಂಜುತ್ತಾನೆ, ಕತ್ತಲಿಗೆ ಅಂಜುತ್ತಾನೆ, ಹೊಸಬರು ಹೆಸರು ಕೇಳಿದರೆ ತಾಯಿಯ ಸೆರಗಿಗೆ ಹೋಗುತ್ತಾನೆ. ನಾನೂ ಆ ವಯಸ್ಸಿನಲ್ಲಿ ಹಾಗೇ ಇದ್ದೆ. ಮಠದ ಇಪ್ಪತ್ತೊಂದು ದಿನ ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದೇ ನಾನು ನಂಬಿದ್ದೇನೆ. ನನ್ನ ಮಗನೂ ಗಟ್ಟಿಯಾಗಲಿ ಅನ್ನಿಸಿದ್ದು ತಪ್ಪೇ? ತಪ್ಪಲ್ಲ. ತಪ್ಪು ಆಮೇಲೆ ಬರುತ್ತದೆ.

ಯುಗಾದಿಯ ಮರುದಿನ ಮಧು ಅಡಿಗೆಮನೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು.

“ಭಾವಾರ, ಒಂದ ಮಾತ ಕೇಳ್ತೇನ್ರಿ. ನಮ್ಮ ರೇಷನ್ ಕಾರ್ಡ ಬ್ಯಾರೆ ಐತಲ್ರಿ? ಅದನ್ನ ತೋರಿಸಿದ್ರ ಮಠದಾಗ ಎರಡ ಒಲಿ ಅಂತ ಬರಕೋತಾರಂತ. ಇಬ್ಬರೂ ಹೋಗಿ ಬರ್ತಾವ.”

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಸೀಮೆ ಎಣ್ಣೆಯ ಸ್ಟೋವಿನ ಹಾಗೆ, ಒಂದು ಕಡ್ಡಿ ಸಾಕು.

“ಒಂದ ಒಲಿ ಮ್ಯಾಲ ರೊಟ್ಟಿ ಬಡದು ಉಂಡು, ಎರಡ ಐತಿ ಅಂತ ಸುಳ್ಳ ಹೇಳಬೇಕೇನ್ವಾ? ಅದೂ ಮಠದಾಗ? ನಮ್ಮ ಮನಿತನಕ್ಕ ಒಪ್ಪೂ ಮಾತ ಆಡು.”

ಅವಳು ತಲೆ ತಗ್ಗಿಸಿ ಒಳಗೆ ಹೋದಳು. ನನಗೆ ನನ್ನ ಸತ್ಯಸಂಧತೆಯ ಬಗ್ಗೆ ಬಹಳ ಸಮಾಧಾನವಾಯಿತು. ಆ ರಾತ್ರಿ ಹೊಟ್ಟೆ ತುಂಬ ಉಂಡೆ.

ಸೋಮವಾರ ಬಂತು. ಪ್ರತಿ ವರ್ಷ ಎಸಳು ಹಚ್ಚುವವಳು ನಮ್ಮವ್ವ ರಾಚವ್ವ. ಈ ಸಲ ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿ, ಎರಡು ಎಸಳು ಬಿಡಿಸಿ ತಾಟಿನಲ್ಲಿಟ್ಟು, ನನ್ನ ಕಡೆ ಸರಿಸಿದಳು.

“ಈ ಸಲ ನೀ ಹಚ್ಚು ತಮ್ಮಾ. ನನ್ನ ಕೈ ನಡಗತಾವ. ಎರಡ ಕೂಸಿನ ಮಾತು, ನಡಗೂ ಕೈಲೆ ಹಚ್ಚಿದ್ರ ಒಂದಕ್ಕ ಅನ್ಯಾಯ ಆದೀತು.”

ದೊಡ್ಡವಳಾದ್ದರಿಂದ ಮೀನಾಳದು ಬಲಗಡೆಯ ಹೆಗಲು, ಅಪ್ಪುವಿನದು ಎಡಗಡೆಯದು. ಯಾವುದು ಮೊದಲು ಬೀಳುತ್ತದೋ ಆ ಮಗು ಹೋಗುತ್ತದೆ. ಪಕ್ಕದಲ್ಲಿ ನೈವೇದ್ಯದ ಬೆಲ್ಲ ಇತ್ತು. ಬಿಸಿಲಿಗೆ ಕರಗಿ ತಾಟಿನ ಅಂಚಿಗೆ ಪಾಕದ ಹಾಗೆ ಹರಿದಿತ್ತು. ಬೆಲ್ಲ ಮುರಿದವನು ನಾನೇ, ಬೆರಳಿಗೆ ಅಂಟಿತ್ತು, ಅದು ಗೊತ್ತಾಗದೆ ಬಲಗಡೆಯ ಎಸಳಿಗೆ ಹತ್ತಿತು.

ಹೀಗೆಂದು ನಾನು ಎಷ್ಟೋ ದಿನ ನನಗೇ ಹೇಳಿಕೊಂಡೆ. ಈಗ ನಿಮಗೂ ಅದನ್ನೇ ಹೇಳಿದೆ ನೋಡಿ. ಸುಳ್ಳು. ಎಡಗಡೆಯ ಎಸಳನ್ನು ನೀರಿಗೆ ಹೀಗೆ ತೋರಿಸಿ ಹಾಗೆ ತೆಗೆದೆ. ಬಲಗಡೆಯದನ್ನು ಎತ್ತುವಾಗ ಬೆರಳನ್ನು ಬೆಲ್ಲದ ಪಾಕದಲ್ಲಿ ಬೇಕೆಂದೇ ಒತ್ತಿದೆ, ಎಸಳಿನ ಬೆನ್ನಿಗೆ ಸವರಿದೆ, ಕಲ್ಲಿಗೆ ಒತ್ತಿ ಹಿಡಿದೆ. ಎದುರಿಗೆ ಮೀನಾ ಕೈ ಮುಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಕೂತಿದ್ದಳು. ಅವಳು ಕಣ್ಣು ಮುಚ್ಚಿದ್ದನ್ನು ನೋಡಿಕೊಂಡೇ ಮಾಡಿದೆ.

ಅವ್ವ ಜಪದ ಸರ ತಿರುಗಿಸುತ್ತಿದ್ದಳು. ಅದು ಅರ್ಧ ಸುತ್ತೂ ಆಗಿರಲಿಲ್ಲ, ಅಪ್ಪುವಿನ ಎಸಳು ಟಪ್ಪನೆ ಕೆಳಗೆ ಬಿತ್ತು. ನನ್ನ ಹೆಂಡತಿ “ಆತು!” ಎಂದು ಕೂಗಿ ಆಮೇಲೆ ಮಧುವಿನ ಮುಖ ನೋಡಿ ಸುಮ್ಮನಾದಳು. ಅವಳಿಗೆ ನನ್ನ ಕೆಲಸ ಗೊತ್ತಿರಲಿಲ್ಲ. ಹೆಂಡತಿಯ ಮೇಲೆ ಹಾಕಿ ಪಾರಾಗುವ ದಾರಿಯೂ ನನಗಿಲ್ಲ. ಅಪ್ಪು ಮಾತ್ರ ಅಳು ಮೋರೆ ಮಾಡಿ ನನ್ನನ್ನೇ ನೋಡಿದ.

ಮೀನಾ ಅಳಲಿಲ್ಲ. ಬೆಲ್ಲ ಹಂಚಿದಾಗ ಕೈಚಾಚಿ ಇಸಿದುಕೊಂಡಳು, ಬಾಯಿಗೆ ಹಾಕಿಕೊಂಡಳು. ನಂತರ ಮತ್ತೆ ಜಗಲಿಯ ಮುಂದೆ ಹೋಗಿ ಕೂತಳು.

“ಏಳವಾ, ಮುಗೀತಲ್ಲ” ಎಂದಳು ಅವ್ವ.

“ನಂದೂ ಬೀಳ್ಲಿ ಆಯಿ. ನೋಡೇ ಏಳ್ತೇನಿ.”

ಬೀಳಲಿಲ್ಲ. ಅರ್ಧ ತಾಸಾಯಿತು, ಒಂದು ತಾಸಾಯಿತು, ಮಧ್ಯಾಹ್ನದ ಊಟವಾಯಿತು. ಬೆಲ್ಲ ಹೆಚ್ಚಾಗಿತ್ತು. ಎರಡನೆಯವಳಾಗಿ ಉಳಿಯುವುದು ಬೇರೆ. ಯಾರ ಎಸಳೂ ಬೀಳದೆ ಉಳಿಯದ ಮನೆಯಲ್ಲಿ ತನ್ನದೊಂದೇ ಬೀಳದಿರುವುದು ಬೇರೆ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೆ ಸ್ವಲ್ಪ ಕಡಿಮೆ ಸವರುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಅವಳ ದನಿ ಕೇಳಿತು. “ಆಯಿ, ನನ್ನ ಎಸಳಿಗೆ ಇರಬಿ ಮುತ್ಯಾವ ನೋಡ.”

ನಾನು ಹಲ್ಲುಜ್ಜುತ್ತಿದ್ದವನು ಹಾಗೇ ನಿಂತೆ. ಅವ್ವ ಹೋಗಿ ಬಗ್ಗಿ ನೋಡಿದಳು. ಕಣ್ಣು ಮಂಜಾದ್ದರಿಂದ ಬೆರಳಿನಿಂದ ಮುಟ್ಟಿದಳು. ಬಾಡಿದ ಎಸಳನ್ನು ಕಿತ್ತು, ಬೆರಳಿಗೆ ಬೆರಳು ತಿಕ್ಕಿ ನೋಡಿದಳು. ಆಮೇಲೆ ಒದ್ದೆ ಅರಿವೆ ತಂದು ಬಸವಣ್ಣನ ಬಲ ಹೆಗಲನ್ನು ಒರೆಸಿದಳು. ಇರುವೆಗಳನ್ನು ಕೊಲ್ಲದೆ ಅರಿವೆಯೊಳಗೇ ಹಿಡಿದು ಹಿತ್ತಲಿಗೆ ಒಯ್ದು ಕೊಡವಿದಳು.

ಊಟಕ್ಕೆ ಬಡಿಸುವಾಗ ನನ್ನ ತಾಟಿನ ಕಡೆ ನೋಡುತ್ತಲೇ ಅಂದಳು.

“ನಿನ್ನ ಕೈ ನಡಗಲಿಲ್ಲ ಬಿಡಪಾ.”

ನಾನು ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

“ನಾ ಏನೂ ಹೇಳಾಕಿ ಅಲ್ಲ ಸುಭಾಸಾ. ಹೇಳಬೇಕಾದಾವ ನೀ. ಯಾವಾಗ ಹೇಳತೀದಿ ಹೇಳು.”

“ಹೇಳ್ತೇನಿ ಅವ್ವಾ” ಎಂದೆ. ನಾಳೆ ಹೇಳೋಣ ಅಂದುಕೊಂಡೆ. ನಾಳೆ ಬಂದಾಗ ಅಪ್ಪುವಿನ ಹೆಸರು ಬರೆಸಿ ಆಗಿತ್ತು. ಅವನ ಹಳದಿ ಟೀ ಶರ್ಟು ಬಂದಿತ್ತು. ಈಗ ಹೇಳಿದರೆ ಊರಿಗೆಲ್ಲ ತಿಳಿಯುತ್ತದೆ, ಶಿಬಿರ ಮುಗಿಯಲಿ ಅಂದುಕೊಂಡೆ. ಕಳ್ಳನಿಗೆ ಒಂದು ಪಿಳ್ಳೆ ನೆವ ಅನ್ನುತ್ತಾರಲ್ಲ, ನನಗೆ ದಿನಕ್ಕೊಂದು ಸಿಕ್ಕಿತು. ಅವ್ವ ಮತ್ತೆ ಕೇಳಲಿಲ್ಲ. ಆದರೆ ಜಗಲಿಯ ದೀಪದ ಎಣ್ಣೆ ಹಾಕಲು ನನ್ನನ್ನು ಕರೆಯುವುದನ್ನು ಬಿಟ್ಟಳು.

ಗೌರೀಶನಿಗೆ ಫೋನಿನಲ್ಲಿ ಅಪ್ಪುವಿನ ಎಸಳು ಬಿದ್ದದ್ದನ್ನಷ್ಟೇ ಹೇಳಿದಾಗ ಅವನು ನಕ್ಕ. “ಇರ್ಲಿ ಬಿಡಣ್ಣಾ, ಬಸವಣ್ಣ ಹೇಳಿದ ಮ್ಯಾಲ ಮುಗೀತ. ಹುಡುಗಿ ಎರಡ ದಿನಾ ಮಾರಿ ಉಬ್ಬಸತಾಳ, ಆಮ್ಯಾಲ ಮರೀತಾಳ.” ಅವನ ಆ ನಂಬಿಕೆಗೆ ನನಗೆ ಅವನ ಮೇಲೇ ಸಿಟ್ಟು ಬಂತು. ಎಂಥ ಮನುಷ್ಯ ನಾನು ನೋಡಿ.

ಮೀನಾ ಮುಖ ಉಬ್ಬಿಸಲಿಲ್ಲ. ಅಪ್ಪುವನ್ನು ಹಿತ್ತಲಿಗೆ ಕರೆದೊಯ್ದು ಹಗ್ಗ ಹಿಡಿಯುವುದನ್ನು ತೋರಿಸಿದಳು, ಕಂಬಕ್ಕೂ ಹಿಂಗ ಅಂದಳು. “ಮೊದ್ಲ ಕೈಗೆ ಬೂದಿ ಹಚ್ಕೋ. ಕೆಳಗ ನೋಡಬ್ಯಾಡ, ಮ್ಯಾಲ ನೋಡ. ಅಂಜಿಕಿ ಬಂದ್ರ ಒಂದರಿಂದ ಹತ್ತ ಎಣಸು.” ಅವನು ಹೋದ ದಿನ ಬೇವಿನ ಮರದ ಹಗ್ಗ ಬಿಚ್ಚಿ, ಸುತ್ತಿ ತಂದು, ನನ್ನ ಅಂಗಡಿಯ ಮೂಲೆಯಲ್ಲಿ ಮೊದಲಿದ್ದ ಜಾಗದಲ್ಲೇ ಇಟ್ಟಳು.

ಆಮೇಲೆ ಅವಳು ಬದಲಾದಳು. ಬೆಳಿಗ್ಗೆ ಕರೆಯದೆ ಏಳುತ್ತಾಳೆ, ಸ್ನಾನ ಮಾಡಿ ಜಗಲಿಗೆ ನೀರು ಹೊಡೆಯುತ್ತಾಳೆ. ಸೋಮವಾರ ಒಂದು ಹೊತ್ತು ಉಪವಾಸ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುವ ಹುಡುಗಿಯರು ಕೂಗಿದರೂ ಹೋಗುವುದಿಲ್ಲ. ಓಣಿಯ ಇಂದ್ರವ್ವ ಬಂದು “ಎಂಥಾ ಶರಣಿ ಹುಟ್ಯಾಳ ರಾಚವ್ವಾ ನಿಮ್ಮ ಮನ್ಯಾಗ!” ಎಂದು ಗಲ್ಲ ಹಿಡಿದು ಹೊಗಳಿ ಹೋದಳು. ಮಧುವಿಗೂ ಒಳಗೊಳಗೇ ಹೆಮ್ಮೆ. ಅವ್ವ ನನ್ನ ಕಡೆ ನೋಡಿದಳು. ನಾನು ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದೆ.

ಮಠದಲ್ಲಿ ಭಾನುವಾರ ಮನೆಯವರು ಹೋಗಿ ಮಕ್ಕಳನ್ನು ನೋಡಬಹುದು. ಮೊದಲ ಭಾನುವಾರ ನಾನೂ ಹೆಂಡತಿಯೂ ಹೋಗಿ ಬಂದೆವು. ಎರಡನೆಯ ವಾರ ಅವಳ ತವರಲ್ಲಿ ತೊಟ್ಟಿಲು ಕಾರ್ಯ. ಆ ಹೊತ್ತಿಗೆ ಅಪ್ಪು ಅಲ್ಲಿಯ ಮಾಸ್ತರರ ಫೋನಿನಿಂದ ಕರೆ ಮಾಡಿದ. “ಅಪ್ಪಾ, ಮೀನಾನ್ನ ಕರಕೊಂಡ ಬಾ. ಆಕಿಗೆ ಒಂದ ತೋರಸೂದೈತಿ.”

ಹೀಗಾಗಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ರವೆ ಉಂಡೆಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೀನಾ ನನ್ನ ಬೈಕಿನ ಹಿಂದೆ ಕೂತಳು. ನನ್ನ ಹೆಗಲ ಮೇಲೆ ಒಂದು ಕೈ ಇಟ್ಟಿದ್ದಳು. ದಾರಿಯುದ್ದಕ್ಕೂ ಆ ಕೈ ನನಗೆ ಹಿಂಡಿಯ ಚೀಲದಷ್ಟು ಭಾರವಾಯಿತು.

ಮಠದ ಅಂಗಳದಲ್ಲಿ ಹುಣಸೆ ಮರದ ಕೊಂಬೆಗೆ ಹಗ್ಗ ಕಟ್ಟಿದ್ದರು. ಹುಡುಗಿಯರು ಸರದಿಯಲ್ಲಿ ಹತ್ತುತ್ತಿದ್ದರು. ಪಕ್ಕದಲ್ಲಿ ಹುಡುಗರ ಕಂಬ. ಅಪ್ಪು ನಮ್ಮನ್ನು ಕಂಡದ್ದೇ ಕೈಗೆ ಬೂದಿ ತಿಕ್ಕಿಕೊಂಡು ಕಂಬಕ್ಕೆ ಜಿಗಿದ. ಅರ್ಧ ಕಂಬ ಹತ್ತಿದ. ನನ್ನ ಮಗ, ಮಂಚದಿಂದ ಇಳಿಯಲು ಅಂಜುವವನು. ಅಲ್ಲಿಂದಲೇ “ಮೀನಾ, ನಾ ಕೆಳಗ ನೋಡಾಕತ್ತಿಲ್ಲ ನೋಡ!” ಎಂದು ಕೂಗಿದ. ಮೀನಾ ಚಪ್ಪಾಳೆ ತಟ್ಟಿದಳು. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ, ಆದರೆ ಮೀನಾಳ ಕಡೆ ನೋಡದೆ ಕಂಬವನ್ನೇ ನೋಡಿದೆ.

ಕಲಿಸುವ ಲಗಮಪ್ಪ ಮಾಸ್ತರರು ಹತ್ತಿರ ಬಂದರು. ಅಪ್ಪು ಓಡಿ ಬಂದು “ಸರ, ಇಕಿನ ನಮ್ಮ ಮೀನಾ. ನನಗ ಇಕಿನ ಕಲಿಸ್ಯಾಳ್ರಿ” ಎಂದ. ಮಾಸ್ತರರು ಅವಳ ಅಂಗೈ ತಿರುವಿ ನೋಡಿದರು. ಬೆರಳ ಬುಡದ ಜಡ್ಡನ್ನು ಹೆಬ್ಬೆರಳಿಂದ ಒತ್ತಿದರು.

“ಭಾಳ ದಿನದ್ದು ಐತಲ್ಲ ಇದು! ಬಾ ತಂಗಿ, ಒಂದ ಸಲ ಹಗ್ಗಾ ಹತ್ತಿ ತೋರಸು.”

ಮೀನಾ ಕೈ ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ್ರಿ ಸರ.”

“ಯಾಕ? ಅಂಜಿಕಿ ಏನ?”

“ಅಲ್ರಿ. ನಮ್ಮ ಬಸವಣ್ಣ ನನಗ ಬ್ಯಾಡ ಅಂದಾನ್ರಿ.”

ನೀರು ಬೇಡ ಅನ್ನುವಷ್ಟು ಸಹಜವಾಗಿ ಅಂದಳು. ಮಾಸ್ತರರು ನನ್ನ ಮುಖ ನೋಡಿದರು. ನಾನು ಅಪ್ಪುವಿನ ಟೀ ಶರ್ಟಿನ ಮೇಲಿನ ಬೂದಿ ಕೊಡವಿದೆ. ಕೊಡವಿದ ಜಾಗವನ್ನೇ ಮತ್ತೆ ಕೊಡವಿದೆ.

ತಿರುಗಿ ಬರುವಾಗ ಹೊಸೂರಿನ ಹತ್ತಿರ ಕಬ್ಬಿನ ಹಾಲಿನ ಗಾಡಿಯ ಮುಂದೆ ಬೈಕು ನಿಲ್ಲಿಸಿದೆ. ಬೇವಿನ ನೆರಳಿನಲ್ಲಿ ಹಲಗೆ ಹಾಕಿದ್ದರು. ಎರಡು ಗ್ಲಾಸು ಹೇಳಿದೆ. ಮೀನಾ ಗ್ಲಾಸು ಹಿಡಿದುಕೊಂಡಳು, ಕುಡಿಯಲಿಲ್ಲ.

“ದೊಡ್ಡಪ್ಪಾ, ನಿಮಗ ಒಂದ ಕೇಳ್ಲೇನ್ರಿ? ಆಯಿಗೆ ಹೇಳಬಾರದು ಮತ್ತ.”

“ಕೇಳವ್ವಾ.”

“ಬಸವಣ್ಣ ಯಾವ ತಪ್ಪಿಗೆ ಸಿಟ್ಟ ಆಗಿರಬೇಕ್ರಿ? ನಾ ಎಲ್ಲಾ ನೆನಸ್ಕೊಂಡೇನಿ. ಯಾವುದು ಅಂತ ತಿಳೀವಲ್ದು. ತಿಳದ್ರ ಅದೊಂದನ್ನ ಬಿಡಬಹುದು.”

ಒಂದು ಕೈಯಲ್ಲಿ ಗ್ಲಾಸು ಹಿಡಿದು ಇನ್ನೊಂದು ಕೈಯ ಬೆರಳು ಮಡಿಸತೊಡಗಿದಳು. ಶಿವರಾತ್ರಿಯ ದಿನ ಉಪವಾಸ ಅಂತ ಹೇಳಿ ಗೆಳತಿಯ ಮನೆಯಲ್ಲಿ ಚುರುಮುರಿ ತಿಂದಿದ್ದಳು. ಅಪ್ಪುವಿನ ಕಂಪಾಸು ಪೆಟ್ಟಿಗೆ ಮುರಿದವಳು ತಾನೇ ಆಗಿ ಬೆಕ್ಕಿನ ಮೇಲೆ ಹಾಕಿದ್ದಳು. ಅಂಗಡಿಯ ಹಗ್ಗವನ್ನು ಕೇಳದೆ ಒಯ್ದಿದ್ದಳು. ಮೂರು ಬೆರಳು ಮಡಿಸಿ, ನಾಲ್ಕನೆಯದನ್ನು ಹಿಡಿದು ತಡೆದಳು.

“ಇನ್ನೊಂದ ಐತ್ರಿ. ಅದ ಇರಬೇಕು. ನೀವು ಎಸಳ ಹಚ್ಚೂ ಮುಂದ ನಾ ಕಣ್ಣ ಮುಚ್ಚಿ, ಅಪ್ಪುಂದು ಬೀಳಬಾರದು ಅಂತ ಬೇಡಕೊಂಡೆ. ನಂದು ಬೀಳ್ಲಿ ಅನಬೇಕಿತ್ತು, ಅನಲಿಲ್ಲ. ಅವಂದು ಬೀಳಬಾರದು ಅಂದೆ.” ಅವಳ ಕಣ್ಣು ತುಂಬಿತು. “ಇನ್ನೊಬ್ಬರಿಂದು ಬೀಳಬಾರದು ಅಂತ ಬೇಡೂದು ಪಾಪ ಅಲ್ರಿ? ಅದಕ್ಕ ನಂದ ಬೀಳಲಿಲ್ಲ.”

ಎರಡು ವಾರದಿಂದ ಈ ಹುಡುಗಿ ಬೆಳಿಗ್ಗೆ ಎದ್ದು ತನ್ನ ಪಾಪ ಹುಡುಕುತ್ತಿದ್ದಳು. ಆ ಪಾಪ ಮಾಡಿದವನು ಅದೇ ಮನೆಯಲ್ಲಿ, ಅವಳು ನೀರು ಹೊಡೆದ ಅಂಗಳ ದಾಟಿ ದಿನಾ ಅಂಗಡಿಗೆ ಹೋಗುತ್ತಿದ್ದ. ನನಗೆ ನನ್ನ ಮೇಲೆ ಎಂಥ ಹೇಸಿಗೆ ಬಂತೆಂದರೆ ಗ್ಲಾಸು ಹಲಗೆಯ ಮೇಲಿಟ್ಟು ಎದ್ದು ನಿಂತೆ. ಆಗಲೂ, ನೋಡಿ, ಆಗಲೂ ನನ್ನ ಬಾಯಿಂದ ಮೊದಲು ಬಂದದ್ದು ನೆವವೇ.

“ಎಸಳ ಅಂದ್ರ ಏನವ್ವಾ, ಗಾಳಿಗೆ ಬೀಳತೈತಿ, ಗಾಳಿ ಇರದಿದ್ರ ನಿಲ್ಲತೈತಿ...”

“ಅಲ್ರಿ. ಬಸವಣ್ಣ ಸುಳ್ಳ ಹೇಳಂಗಿಲ್ಲ ಅಂತ ಆಯಿ ಹೇಳ್ಯಾಳ.”

“ಬಸವಣ್ಣ ಸುಳ್ಳ ಹೇಳಿಲ್ಲ” ಎಂದೆ. “ನಾ ಹೇಳೇನಿ.”

ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಕೂತೆ. ಅವಳ ಮುಖ ನೋಡಲಾಗದೆ ಗಾಡಿಯವನ ಗಾಣದ ಕಡೆ ನೋಡುತ್ತ ಎಲ್ಲ ಹೇಳಿದೆ. ಬೆಲ್ಲದ ಪಾಕ, ಬೆರಳು, ಒತ್ತಿ ಹಿಡಿದದ್ದು, ಇರುವೆ ಮುತ್ತಿದ್ದು ಯಾಕೆ ಎನ್ನುವುದು, ಎಲ್ಲ. ಬೇಕಂತ ಮಾಡಿದೆ ಎಂದೂ ಹೇಳಿದೆ. ಹೇಳಿ ಮುಗಿಸಿ ಅವಳ ಕಡೆ ತಿರುಗಿದೆ. ಅವಳು ಕೂಗಾಡಲಿ, ಗ್ಲಾಸು ನನ್ನ ಮೇಲೆ ಎಸೆಯಲಿ ಎಂದು ಕಾದೆ.

ಅವಳ ಮುಖ ಅರಳುತ್ತಿತ್ತು.

“ಹಂಗಾರ ಬಸವಣ್ಣ ನನ್ನ ಬ್ಯಾಡ ಅಂದಿಲ್ಲ?”

“ಇಲ್ಲವಾ.”

“ಚುರುಮುರಿ ತಿಂದದ್ದಕ್ಕ ಅಲ್ಲ? ಬೇಡಕೊಂಡದ್ದಕ್ಕೂ ಅಲ್ಲ?”

“ಯಾವುದಕ್ಕೂ ಅಲ್ಲ. ಬೆಲ್ಲ ಹತ್ತಿರದಿದ್ರ ನಿಂದೂ ಬೀಳತಿತ್ತು.”

ಅವಳು ಗಟಗಟನೆ ಕಬ್ಬಿನ ಹಾಲು ಕುಡಿದಳು. ತುಟಿಯ ಮೇಲಿನ ನೊರೆಯನ್ನು ತೋಳಿಂದ ಒರೆಸಿಕೊಂಡು “ಇನ್ನೊಂದ ಗ್ಲಾಸ್ರಿ” ಎಂದಳು. ಎರಡು ವಾರದಲ್ಲಿ ಆ ಹುಡುಗಿ ತನಗೆಂದು ಏನನ್ನಾದರೂ ಬಾಯಿ ಬಿಟ್ಟು ಕೇಳಿದ್ದು ಅದೇ ಮೊದಲು. ನನ್ನ ಎದೆ ಹಗುರವಾಯಿತು. ಇಷ್ಟು ಸುಲಭವಾಗಿತ್ತೇ ಅನ್ನಿಸಿತು. ಹಗುರವಾದವನಿಗೆ ಉದಾರತನವೂ ಬಂತು.

“ನಡಿ, ತಿರುಗಿ ಹೋಗೂಣು. ಇನ್ನೂ ಒಂದ ವಾರ ಐತಿ. ಮಾಸ್ತರಿಗೆ ಹೇಳಿ ಅಪ್ಪುನ್ನ ಕರಕೊಂಡ ಬರ್ತೇನಿ, ನಿನ್ನ ಬಿಟ್ಟ ಬರ್ತೇನಿ.”

ಅವಳು ಗ್ಲಾಸಿನೊಳಗೆ ನೋಡುತ್ತ ಯೋಚಿಸಿದಳು. ಆಸೆ ಅವಳ ಮುಖದಲ್ಲಿ ಬಂದು ನಿಂತದ್ದು ನನಗೆ ಕಂಡಿತು.

“ಬ್ಯಾಡ್ರಿ.”

“ಯಾಕ?”

“ಅವ ಈಗ ಅರ್ಧಾ ಕಂಬ ಹತ್ಯಾನ. ಈಗ ಕರಕೊಂಡ ಬಂದ್ರ ಅವಗ ‘ನೀ ಬ್ಯಾಡ’ ಅಂದಂಗ ಆಗತೈತಿ. ಹಂಗ ಅನಸ್ಕೊಳ್ಳೂದು ಭಾಳ ಕೆಟ್ಟ ಇರತೈತ್ರಿ ದೊಡ್ಡಪ್ಪಾ.”

ನನ್ನ ಹಗುರವೆಲ್ಲ ಅಲ್ಲೇ ಮುಗಿಯಿತು. ಬೈಕು ಏರಿದೆವು. ಈ ಸಲ ಅವಳು ನನ್ನ ಹೆಗಲ ಮೇಲೆ ಕೈ ಇಡಲಿಲ್ಲ, ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದುಕೊಂಡಳು. ಕನ್ನಡಿಯಲ್ಲಿ ನೋಡಿದೆ. ನಗು ಹೋಗಿತ್ತು. ರಸ್ತೆಯ ಪಕ್ಕದ ಹೊಲಗಳನ್ನು ನೋಡುತ್ತ ಏನನ್ನೋ ಕೂಡಿಸಿ ಕಳೆಯುವವಳ ಹಾಗಿದ್ದಳು.

ಮನೆಯ ಮುಂದೆ ಬೈಕು ನಿಲ್ಲಿಸಿದೆ. ಅವಳು ಇಳಿದಳು, ಖಾಲಿ ಚೀಲ ಮಡಚಿ ಬಗಲಿಗಿಟ್ಟುಕೊಂಡಳು. ಒಳಗೆ ಓಡುತ್ತಾಳೆ ಅಂದುಕೊಂಡೆ. ಓಡಲಿಲ್ಲ.

“ದೊಡ್ಡಪ್ಪಾ, ಬ್ಯಾಡ ಅಂದಾವ ಬಸವಣ್ಣ ಅಲ್ಲ. ನೀವು.”

“ಹೌದವ್ವಾ.”

“ನಿಮಗ ನಾ ಏನ ತಪ್ಪ ಮಾಡಿದ್ನಿರಿ?”

ಸಿಟ್ಟಿನಿಂದ ಕೇಳಲಿಲ್ಲ. ಖರೇ ಕೇಳಿದಳು. ದೇವರ ಲೆಕ್ಕ ಮುಗಿದಿತ್ತು, ಈಗ ನನಗೆ ಮಾಡಿದ ತಪ್ಪುಗಳನ್ನು ಹುಡುಕಲು ನಿಂತಿದ್ದಳು, ತಿಳಿದರೆ ಅದೊಂದನ್ನು ಬಿಡಬಹುದೆಂದು.

“ನೀ ಏನೂ ಮಾಡಿಲ್ಲವ್ವಾ” ಎಂದೆ.

“ಮತ್ತ ಯಾಕ್ರಿ?”

ಉತ್ತರ ನನಗೆ ಗೊತ್ತಿತ್ತು. ಅಪ್ಪು ನನ್ನ ಮಗ, ಅವಳು ನನ್ನ ಮಗಳಲ್ಲ. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಇರಲಿಲ್ಲ. ಹನ್ನೊಂದು ವರ್ಷ ನನ್ನ ತಾಟಿನ ಪಕ್ಕದಲ್ಲಿ ತಾಟು ಹಾಕಿಕೊಂಡು ಉಂಡ ಹುಡುಗಿಗೆ ಅದು ಇನ್ನೂ ಗೊತ್ತಿರಲಿಲ್ಲ. ಮೀನಾ ಚೀಲ ಹಿಡಿದುಕೊಂಡು ಕಾಯುತ್ತ ನಿಂತಿದ್ದಳು.